ಕೇಳಲು ಒಂದೇ, ಅರ್ಥ ಬೇರೆ: ಗೊಂದಲ ಹುಟ್ಟಿಸುವ ಇಂಗ್ಲಿಷ್ ಪದಗಳಿಗೊಂದು ಕೈಪಿಡಿ

ಮಂಗಳೂರು: ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬರುವವರು ನೆಂಟರಿಷ್ಟರಿಗೆಂದು 'ಸೆಂಟ್' ಬಾಟಲಿ ತರುತ್ತಾರೆ. ಕೂಡಿಟ್ಟ ಹಣದಲ್ಲಿ ಸುರತ್ಕಲ್‌ನಲ್ಲೋ ದೇರಳಕಟ್ಟೆಯಲ್ಲೋ ಹತ್ತು 'ಸೆಂಟ್' ಜಾಗ ನೋಡುತ್ತಾರೆ. ಮನೆಗೆ ಸಂದೇಶ ಕಳುಹಿಸಿದರೆ ಮೊಬೈಲ್ ಪರದೆಯ ಮೇಲೆ 'ಸೆಂಟ್' ಎಂದು ಮೂಡುತ್ತದೆ. ಕಿವಿಗೆ ಮೂರೂ ಒಂದೇ, ಕನ್ನಡ ಲಿಪಿಯಲ್ಲಿ ಬರೆದರೂ ಮೂರೂ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಪದಗಳು. ಪರಿಮಳದ ಸೆಂಟ್ 'ಎಸ್-ಸಿ-ಇ-ಎನ್-ಟಿ'. ಜಾಗದ ಸೆಂಟ್ 'ಸಿ-ಇ-ಎನ್-ಟಿ'. ಕಳುಹಿಸಲಾಗಿದೆ ಎಂಬ ಸೆಂಟ್ 'ಎಸ್-ಇ-ಎನ್-ಟಿ'.

ಜಾಗದ ಸೆಂಟ್‌ಗೆ ನೂರು ಎಂಬರ್ಥದ ಲ್ಯಾಟಿನ್ ಪದವೇ ಮೂಲ. ಎಕರೆಯ ನೂರನೇ ಒಂದು ಭಾಗವೇ ಒಂದು ಸೆಂಟ್, ಅಂದರೆ 435.6 ಚದರ ಅಡಿ. ಪರ್ಸೆಂಟ್, ಸೆಂಚುರಿ, ಸೆಂಟಿಮೀಟರ್ ಎಲ್ಲವೂ ಇದೇ ಬಳಗದವು. ಈ ನಂಟು ಒಮ್ಮೆ ತಿಳಿದರೆ ಜಾಗದ ಪತ್ರದಲ್ಲಿ ಯಾವ ಸೆಂಟ್ ಬರೆಯಬೇಕೆಂಬ ಸಂದೇಹ ಮತ್ತೆ ಕಾಡದು.

ಈ ಲೇಖನ ಹೇಳಹೊರಟಿರುವುದು ಇಷ್ಟೇ: ಇಂಗ್ಲಿಷ್ ಪದವನ್ನು ಕಿವಿಯಿಂದ ಗುರುತಿಸಲು ಹೊರಟರೆ ಎಡವುತ್ತೇವೆ, ಅದರ ಬಳಗದಿಂದ ಮತ್ತು ವಾಕ್ಯದಲ್ಲಿ ಅದು ಮಾಡುವ ಕೆಲಸದಿಂದ ಗುರುತಿಸಬೇಕು. ಬ್ಯಾಂಕ್, ನ್ಯಾಯಾಲಯ, ಆಸ್ಪತ್ರೆ, ಉದ್ಯೋಗದ ಅರ್ಜಿ ಇವುಗಳಲ್ಲಿ ಇಂಗ್ಲಿಷ್ ಇಂದಿಗೂ ಅನಿವಾರ್ಯ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಹಣ, ಹಕ್ಕು, ಕೆಲವೊಮ್ಮೆ ಆರೋಗ್ಯಕ್ಕೂ ಕುತ್ತು ಬಂದೀತು.

ಗೊಂದಲಕ್ಕೆ ಕಾರಣವೇನು?

ಕನ್ನಡ ನುಡಿದಂತೆ ಬರೆಯುವ ಭಾಷೆ. 'ಬೆಲೆ', 'ಬೆಳೆ', 'ಬೇಳೆ' ಎಂಬ ಮೂರು ಪದಗಳು ಹತ್ತಿರ ಹತ್ತಿರ ಕೇಳಿಸಿದರೂ ಲಿಪಿ ಅವುಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಸರಿಯಾಗಿ ಉಚ್ಚರಿಸುವವನು ಬಹುಮಟ್ಟಿಗೆ ಸರಿಯಾಗಿಯೇ ಬರೆಯುತ್ತಾನೆ.

ಇಂಗ್ಲಿಷಿನ ಕಥೆ ಬೇರೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ಯಂತ್ರ ತಂದ. ಅಲ್ಲಿಂದ ಮುಂದೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು, ಆದರೆ ಜನರ ಉಚ್ಚಾರಣೆ ಬದಲಾಗುತ್ತಲೇ ಇತ್ತು. ವೀರಯೋಧ ಎಂಬರ್ಥದ 'ನೈಟ್' ಪದದ ಆರಂಭದ 'ಕೆ' ಅಕ್ಷರವನ್ನು ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು. ಈಗ ಅದು ಕಾಗದದ ಮೇಲಷ್ಟೇ ಉಳಿದಿದ್ದು, ರಾತ್ರಿ ಎಂಬರ್ಥದ 'ನೈಟ್' ಜತೆ ಧ್ವನಿಯಲ್ಲಿ ಒಂದಾಗಿದೆ. ಇದರ ಮೇಲೆ ಫ್ರೆಂಚ್, ಲ್ಯಾಟಿನ್, ಗ್ರೀಕ್ ಪದಗಳು ತಂತಮ್ಮ ಕಾಗುಣಿತದೊಡನೆ ಬಂದು ಸೇರಿಕೊಂಡವು. ಹೀಗೆ ಧ್ವನಿ ಒಂದೇ ಆಗಿ, ಬರಹ ಮತ್ತು ಅರ್ಥ ಬೇರೆಯಾಗಿರುವ ಪದಗಳನ್ನು ಇಂಗ್ಲಿಷಿನಲ್ಲಿ ಹೋಮೋಫೋನ್ ಎನ್ನುತ್ತಾರೆ. ಕನ್ನಡದಲ್ಲಿ ಸಮಧ್ವನಿ ಪದಗಳೆನ್ನಬಹುದು.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇಂಗ್ಲಿಷ್ ಪದಗಳನ್ನು ನಾವು ಅಂಗಡಿಯ ಫಲಕದಲ್ಲಿ, ಪತ್ರಿಕೆಯಲ್ಲಿ ಕನ್ನಡ ಲಿಪಿಯಲ್ಲೇ ದಿನವೂ ಓದುತ್ತೇವೆ. ಪಣಂಬೂರಿನ ಬಂದರಿನಲ್ಲಿ ಹಡಗು ನಿಲ್ಲುವುದು 'ಬರ್ತ್'ನಲ್ಲಿ, ರೈಲಿನಲ್ಲಿ ನಾವು ಮಲಗುವುದು 'ಬರ್ತ್'ನಲ್ಲಿ, ಶಾಲೆಗೆ ಸೇರಿಸುವಾಗ ಕೇಳುವುದು 'ಬರ್ತ್' ಸರ್ಟಿಫಿಕೇಟ್. ಮೊದಲಿನೆರಡು ಒಂದೇ ಪದ. ತಂಗುವ ಜಾಗ ಎಂಬುದು ಅರ್ಥ, ನಡುವೆ 'ಇ' ಅಕ್ಷರ. ಮೂರನೆಯದು ಜನನ, ನಡುವೆ 'ಐ'. ಕನ್ನಡ ಲಿಪಿ ಈ ಭೇದವನ್ನು ತೋರಿಸದು. ಹಾಗಾಗಿ ಚೆನ್ನಾಗಿ ಪರಿಚಯವಿದೆ ಎಂದುಕೊಂಡ ಪದವೇ ಇಂಗ್ಲಿಷಿನಲ್ಲಿ ಬರೆಯುವಾಗ ಕೈಕೊಡುತ್ತದೆ.

ಬ್ಯಾಂಕಿನಲ್ಲಿ, ಕರಾರುಪತ್ರದಲ್ಲಿ

ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಂದಿಗೆ ವಿಲೀನವಾಯಿತು. ಆದ್ದರಿಂದ ಬ್ಯಾಂಕಿನ ಪದಗಳಿಂದಲೇ ಆರಂಭಿಸೋಣ.

ಪ್ರಿನ್ಸಿಪಲ್: ಕೊನೆಯಲ್ಲಿ 'ಪಿ-ಎ-ಎಲ್' ಇದ್ದರೆ ಮುಖ್ಯವಾದುದು, ಮೊದಲನೆಯದು ಎಂದರ್ಥ. ಸಾಲದಲ್ಲಿ ಅಸಲು, ಕಾಲೇಜಿನಲ್ಲಿ ಪ್ರಾಂಶುಪಾಲರು, ನ್ಯಾಯಾಲಯದಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರು ಎಲ್ಲರೂ ಈ ಪ್ರಿನ್ಸಿಪಲ್‌ಗಳೇ. ಕೊನೆಯಲ್ಲಿ 'ಪಿ-ಎಲ್-ಇ' ಇದ್ದರೆ ಅದು ತತ್ವ, ಸಿದ್ಧಾಂತ. ಒಂದು ಲಕ್ಷ ರೂಪಾಯಿಯ ಪ್ರಿನ್ಸಿಪಲ್‌ಗೆ ಬಡ್ಡಿ ಬೀಳುತ್ತದೆ. ಸಾಲ ಮಾಡಬಾರದೆಂಬ ಪ್ರಿನ್ಸಿಪಲ್‌ಗೆ ಬಡ್ಡಿಯಿಲ್ಲ.

ಚೆಕ್: ಬ್ಯಾಂಕಿನ ಚೆಕ್ ಕೊನೆಗೊಳ್ಳುವುದು 'ಕ್ಯೂ-ಯು-ಇ' ಅಕ್ಷರಗಳಿಂದ. ಪರಿಶೀಲನೆ ಎಂಬರ್ಥದ ಚೆಕ್‌ಗೆ ಕೊನೆಯಲ್ಲಿ 'ಸಿ-ಕೆ'. ಅಮೆರಿಕದಲ್ಲಿ ಎರಡಕ್ಕೂ 'ಸಿ-ಕೆ' ಬಳಸುವುದುಂಟು. ಭಾರತದ ಕಾನೂನು ಮತ್ತು ಬ್ಯಾಂಕ್ ವ್ಯವಹಾರದಲ್ಲಿ ಮೊದಲಿನದೇ ಸರಿ.

ಇನ್ಶೂರ್, ಎನ್ಶೂರ್, ಅಶೂರ್: 'ಐ'ಯಿಂದ ಆರಂಭವಾಗುವುದು ವಿಮೆ ಮಾಡಿಸುವುದಕ್ಕೆ. 'ಇ'ಯಿಂದ ಆರಂಭವಾಗುವುದು ಕೆಲಸ ತಪ್ಪದೆ ಆಗುವಂತೆ ನೋಡಿಕೊಳ್ಳುವುದಕ್ಕೆ. 'ಎ'ಯಿಂದ ಆರಂಭವಾಗುವುದು ಇನ್ನೊಬ್ಬರಿಗೆ ಭರವಸೆ ನೀಡುವುದಕ್ಕೆ. ಭರವಸೆಯನ್ನು ಮನುಷ್ಯರಿಗಷ್ಟೇ ನೀಡಲು ಸಾಧ್ಯ ಎಂಬುದನ್ನು ನೆನಪಿಟ್ಟರೆ ಮೂರನೆಯದರಲ್ಲಿ ತಪ್ಪಾಗದು.

ಲೆಸ್ಸರ್, ಲೆಸ್ಸೀ: ಬಾಡಿಗೆ ಅಥವಾ ಗುತ್ತಿಗೆ ಕರಾರಿಗೆ ಸಹಿ ಹಾಕುವ ಪ್ರತಿಯೊಬ್ಬರೂ ತಿಳಿಯಬೇಕಾದ ಜೋಡಿಯಿದು. ಆಸ್ತಿಯನ್ನು ಗುತ್ತಿಗೆಗೆ ಕೊಡುವಾತ ಲೆಸ್ಸರ್, ಕೊನೆಯಲ್ಲಿ 'ಓ-ಆರ್'. ಪಡೆಯುವಾತ ಲೆಸ್ಸೀ, ಕೊನೆಯಲ್ಲಿ 'ಇ-ಇ'. ಕಡಿಮೆಯಾದುದು ಎಂಬರ್ಥದ ಇನ್ನೊಂದು ಲೆಸ್ಸರ್‌ಗೆ ಕೊನೆಯಲ್ಲಿ 'ಇ-ಆರ್'. ಇದೇ ಜಾಡಿನಲ್ಲಿ ಅಡಮಾನದ ಪದಗಳನ್ನು ಊಹಿಸಹೊರಟವರು ಅನೇಕ ವೇಳೆ ಎಡವುತ್ತಾರೆ. ಸಾಲ ಕೊಡುವ ಬ್ಯಾಂಕ್ 'ಮಾರ್ಟ್‌ಗೇಜೀ', ಸಾಲ ಪಡೆಯುವ ಗ್ರಾಹಕ 'ಮಾರ್ಟ್‌ಗೇಜರ್'. ಇಲ್ಲಿ ಲೆಕ್ಕಕ್ಕೆ ಬರುವುದು ಹಣವಲ್ಲ, ಆಸ್ತಿ. ಆಸ್ತಿಯನ್ನು ಅಡವು ಇಡುವಾತ ಗ್ರಾಹಕ, ಅದನ್ನು ಭದ್ರತೆಯಾಗಿ ಪಡೆಯುವುದು ಬ್ಯಾಂಕ್. ಹೀಗೆ ನೋಡಿದರೆ ಸೂತ್ರ ಇಲ್ಲಿಯೂ ಅದೇ.

ಪ್ಲಾಟ್, ಫ್ಲ್ಯಾಟ್: ಇವು ಸಮಧ್ವನಿ ಪದಗಳಲ್ಲ, ಆದರೆ ಅವಸರದ ಮಾತಿನಲ್ಲಿ ಒಂದಾಗಿಬಿಡುತ್ತವೆ. ಪ್ಲಾಟ್ ಎಂದರೆ ನಿವೇಶನ. ಕೊಂಡವರಿಗೆ ನೆಲವೇ ಸ್ವಂತ. ಫ್ಲ್ಯಾಟ್ ಎಂದರೆ ಬಹುಮಹಡಿ ಕಟ್ಟಡದೊಳಗಿನ ಮನೆ. ಸಾಮಾನ್ಯವಾಗಿ ನೆಲದಲ್ಲಿ ದೊರೆಯುವುದು ಅವಿಭಜಿತ ಪಾಲು ಮಾತ್ರ. ಫೋನಿನಲ್ಲಿ ವ್ಯವಹಾರ ಮಾತನಾಡುವಾಗ ಇದು ನೆನಪಿರಲಿ.

ನ್ಯಾಯಾಲಯ, ಪೊಲೀಸ್ ಠಾಣೆ, ಪಾಲಿಕೆ

ಡಿಸೀಸ್ಡ್, ಡಿಸೀಸ್ಡ್: ಪತ್ರಕರ್ತರೂ ಎಡವುವ ಜೋಡಿ. ಮೊದಲನೆಯದು ಮೃತಪಟ್ಟವರು, ಅದರಲ್ಲಿ 'ಸಿ-ಇ-ಎ-ಎಸ್' ಅಕ್ಷರಗಳಿವೆ, ನಡುವಿನ ಧ್ವನಿ 'ಸ'. ನಿಲ್ಲು, ಕೊನೆಗೊಳ್ಳು ಎಂಬರ್ಥದ 'ಸೀಸ್' ಪದವನ್ನು ಅದರೊಳಗೆ ಕಾಣಬಹುದು. ಕದನವಿರಾಮಕ್ಕೆ 'ಸೀಸ್‌ಫೈರ್' ಎನ್ನುವುದೂ ಇದರಿಂದಲೇ. ಎರಡನೆಯದು ರೋಗಗ್ರಸ್ತರು, ಅದರೊಳಗೆ ಇರುವುದು ನೆಮ್ಮದಿ ಎಂಬರ್ಥದ 'ಈಸ್'. ಅದನ್ನು ಕಳೆದುಕೊಂಡ ಸ್ಥಿತಿಯೇ ರೋಗ. ಈ ಲೇಖಕನೂ ವೃತ್ತಿಯ ಆರಂಭದಲ್ಲಿ ಅಪಘಾತವೊಂದರ ಪ್ರಕಟಣೆಯನ್ನು ಕನ್ನಡಕ್ಕೆ ತರುವಾಗ ಮೃತರನ್ನು ಅಸ್ವಸ್ಥರೆಂದು ಬರೆದಿದ್ದುಂಟು. ಹಿರಿಯ ಉಪಸಂಪಾದಕರೊಬ್ಬರ ಕಣ್ಣಿಗೆ ಬಿದ್ದುದರಿಂದ ಅದು ಅಚ್ಚಾಗಲಿಲ್ಲ. ಅಚ್ಚಾಗಿದ್ದರೆ ಆ ಮನೆಯವರಿಗೆ ಏನೆಂದು ಉತ್ತರಿಸಬಹುದಿತ್ತು ಎಂಬ ಪ್ರಶ್ನೆ ಇಂದಿಗೂ ಮನಸ್ಸಿನಲ್ಲಿದೆ.

ಬೇಲ್: ಜಾಮೀನಿನ ಬೇಲ್ 'ಬಿ-ಎ-ಐ-ಎಲ್'. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕೇಳಿಬರುವ ಹತ್ತಿಯ ಬೇಲ್ 'ಬಿ-ಎ-ಎಲ್-ಇ'. ಭಾರತದಲ್ಲಿ ಅದರ ತೂಕ 170 ಕಿಲೋ ಎಂದು ಲೆಕ್ಕ.

ಕೌನ್ಸಿಲ್, ಕೌನ್ಸೆಲ್: 'ಸಿ-ಐ-ಎಲ್' ಎಂದು ಮುಗಿದರೆ ಪರಿಷತ್ತು, ಸಭೆ. ರಾಜ್ಯದ ವಿಧಾನ ಪರಿಷತ್ತು, ಮಂಗಳೂರು ಪಾಲಿಕೆಯ 60 ವಾರ್ಡುಗಳ ಪರಿಷತ್ತು ಇಂಥವು. 'ಎಸ್-ಇ-ಎಲ್' ಎಂದು ಮುಗಿದರೆ ಸಲಹೆ ಅಥವಾ ಸಲಹೆ ನೀಡುವ ವಕೀಲರು. ಸಿಇಟಿ ವಿದ್ಯಾರ್ಥಿಗಳ 'ಕೌನ್ಸೆಲಿಂಗ್' ಈ ಎರಡನೆಯ ಬಳಗಕ್ಕೆ ಸೇರಿದ್ದು.

ಆರ್ಡಿನನ್ಸ್, ಆರ್ಡ್‌ನನ್ಸ್: ನಡುವೆ 'ಐ' ಇದ್ದರೆ ಸುಗ್ರೀವಾಜ್ಞೆ. ಸಂವಿಧಾನದ 123ನೇ ವಿಧಿಯಡಿ ರಾಷ್ಟ್ರಪತಿಯವರೂ 213ನೇ ವಿಧಿಯಡಿ ರಾಜ್ಯಪಾಲರೂ ಹೊರಡಿಸುವುದು ಇದನ್ನೇ. 'ಐ' ಇಲ್ಲದಿದ್ದರೆ ಶಸ್ತ್ರಾಸ್ತ್ರ, ಯುದ್ಧಸಾಮಗ್ರಿ.

ಕ್ಯಾನ್ವಾಸ್: ಕೊನೆಯಲ್ಲಿ ಒಂದು 'ಎಸ್' ಇದ್ದರೆ ಚಿತ್ರ ಬಿಡಿಸುವ, ಚೀಲ ಹೊಲಿಯುವ ದಪ್ಪ ಬಟ್ಟೆ. ಎರಡು 'ಎಸ್' ಇದ್ದರೆ ಮತಯಾಚನೆ. ಮನೆ ಮನೆಗೆ ಎರಡೆರಡು ಸಲ ಬರುವವರಿಗೆ ಎರಡು 'ಎಸ್' ಎಂದು ನೆನಪಿಟ್ಟುಕೊಳ್ಳಬಹುದು.

ಆಸ್ಪತ್ರೆಯಲ್ಲಿ ಎಚ್ಚರ ಅಗತ್ಯ

ಕೇರಳದ ಕಾಸರಗೋಡಿನಿಂದಲೂ ಉತ್ತರ ಕನ್ನಡ, ಚಿಕ್ಕಮಗಳೂರಿನಿಂದಲೂ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಬರುತ್ತಾರೆ. ವೈದ್ಯರು ಕನ್ನಡ, ತುಳು, ಕೊಂಕಣಿಯಲ್ಲಿ ಮಾತನಾಡಿದರೂ ಚೀಟಿಯಲ್ಲಿ ಬರೆಯುವುದು ಇಂಗ್ಲಿಷಿನಲ್ಲಿ. ಇಲ್ಲಿ ಎರಡು ಪುಟ್ಟ ತುಣುಕುಗಳನ್ನು ಅವಶ್ಯವಾಗಿ ತಿಳಿದಿರಬೇಕು.

ಹೈಪರ್, ಹೈಪೋ: ಗ್ರೀಕ್ ಮೂಲದ ಈ ತುಣುಕುಗಳ ಅರ್ಥ ಒಂದಕ್ಕೊಂದು ವಿರುದ್ಧ. ಹೈಪರ್ ಎಂದರೆ ಮಿತಿಗಿಂತ ಹೆಚ್ಚು, ಹೈಪೋ ಎಂದರೆ ಮಿತಿಗಿಂತ ಕಡಿಮೆ. ಹೈಪರ್‌ಟೆನ್ಷನ್ ಅಧಿಕ ರಕ್ತದೊತ್ತಡ, ಹೈಪೋಟೆನ್ಷನ್ ಕಡಿಮೆ ರಕ್ತದೊತ್ತಡ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹೈಪರ್, ಕೆಲಸ ಕುಂದಿದರೆ ಹೈಪೋ. ಮಧುಮೇಹಿಗಳ ಮನೆಯಲ್ಲಂತೂ ಈ ಭೇದ ಪ್ರಾಣದ ಪ್ರಶ್ನೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೋಗ್ಲೈಸೀಮಿಯಾ. ಎಚ್ಚರವಿರುವ ರೋಗಿಗೆ ಕೂಡಲೇ ಸಕ್ಕರೆ ಅಥವಾ ಸಿಹಿ ಪಾನೀಯ ಕೊಡಬೇಕು. ಹೈಪರ್‌ಗ್ಲೈಸೀಮಿಯಾದಲ್ಲಿ ಸಕ್ಕರೆ ಈಗಾಗಲೇ ಅತಿಯಾಗಿರುತ್ತದೆ. ದೂರದ ಊರಿನಲ್ಲಿರುವ ಮಗ ಫೋನಿನಲ್ಲಿ ಕೇಳಿಸಿಕೊಳ್ಳುವಾಗ 'ಹೈಪೋ' ಎಂಬುದು 'ಹೈಪರ್' ಆದರೆ ಮನೆಯವರು ಮಾಡುವ ಉಪಚಾರವೇ ತಲೆಕೆಳಗಾದೀತು. ಅದರ ಬದಲು 'ಶುಗರ್ ಎಷ್ಟಿದೆ' ಎಂದು ಅಂಕಿಯನ್ನೇ ಕೇಳುವುದು ಕ್ಷೇಮ.

ಔಷಧಿಗಳ ಹೆಸರಿನದೂ ಇದೇ ಸಮಸ್ಯೆ. ನೋಡಲು ಅಥವಾ ಕೇಳಲು ಒಂದೇ ತೆರನಾಗಿರುವ ಔಷಧಿ ಹೆಸರುಗಳಿಂದಾಗುವ ಪ್ರಮಾದಗಳನ್ನು ತಡೆಯುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ಸೂಚನೆಗಳನ್ನು ಪ್ರಕಟಿಸಿತ್ತು. ನಮ್ಮ ಸುಪ್ರೀಂ ಕೋರ್ಟ್ ಮುಂದೆ 2001ರಲ್ಲಿ ಬಂದ ಪ್ರಕರಣವೊಂದರಲ್ಲಿ ಚರ್ಚೆಯಾದದ್ದು 'ಫಾಲ್ಸಿಗೋ' ಮತ್ತು 'ಫಾಲ್ಸಿಟ್ಯಾಬ್' ಎಂಬ ಎರಡು ಹೆಸರುಗಳು. ಎರಡೂ ಮಲೇರಿಯಾ ಔಷಧಿಗಳೇ, ಆದರೆ ಒಳಗಿನ ರಾಸಾಯನಿಕಗಳು ಬೇರೆ. ಔಷಧಿಯ ಹೆಸರಿನಲ್ಲಿ ಗೊಂದಲವಾದರೆ ಪ್ರಾಣಕ್ಕೇ ಅಪಾಯ ಒದಗಬಹುದಾದ್ದರಿಂದ ಅಲ್ಲಿ ಇತರ ಸರಕುಗಳಿಗಿಂತ ಕಟ್ಟುನಿಟ್ಟಿನ ಮಾನದಂಡ ಬೇಕೆಂದು ನ್ಯಾಯಾಲಯ ಹೇಳಿತು. ಮಲೇರಿಯಾವನ್ನು ಬಲ್ಲ ಮಂಗಳೂರಿಗರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರು ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ವೈದ್ಯಕೀಯ ನೀತಿಸಂಹಿತೆಗೆ ತಿದ್ದುಪಡಿಯಾಯಿತು. ಅಂಗಡಿಯಲ್ಲಿ ಮಾತ್ರೆ ಪಡೆದ ಮೇಲೆ ಚೀಟಿಯ ಹೆಸರನ್ನೂ ಪಟ್ಟಿಯ ಹೆಸರನ್ನೂ ಅಕ್ಷರಶಃ ಹೋಲಿಸಿ ನೋಡುವುದು ರೋಗಿಯ ಕಡೆಯವರ ಕೈಯಲ್ಲಿರುವ ಕೆಲಸ.

ಕಚೇರಿ ಮತ್ತು ಉದ್ಯೋಗದ ಅರ್ಜಿಯಲ್ಲಿ

ಕ್ಯಾಶುಯಲ್, ಕಾಸಲ್: ರಜೆಯ ಅರ್ಜಿಗಳಲ್ಲಿ ಪದೇ ಪದೇ ಕಾಣುವ ತಪ್ಪಿದು. ಸಾಂದರ್ಭಿಕ ರಜೆ 'ಕ್ಯಾಶುಯಲ್ ಲೀವ್'. ಇದರಲ್ಲಿ 'ಎಸ್' ಮೊದಲು, 'ಯು' ನಂತರ. 'ಯು' ಮುಂದೆ ಬಂದರೆ ಅದು 'ಕಾಸಲ್', ಅಂದರೆ ಕಾರಣಕ್ಕೆ ಸಂಬಂಧಿಸಿದ್ದು. ಕಾರಣ ಎಂಬರ್ಥದ 'ಕಾಸ್' ಅದರ ಬಳಗ.

ಪರ್ಸನಲ್, ಪರ್ಸನೆಲ್: ಮೊದಲನೆಯದು ವೈಯಕ್ತಿಕ, ಒಂದೇ 'ಎನ್'. ಎರಡನೆಯದು ಸಿಬ್ಬಂದಿ ವರ್ಗ, ಎರಡು 'ಎನ್', ಒತ್ತು ಕೊನೆಯ ಭಾಗದ ಮೇಲೆ. ಸಿಬ್ಬಂದಿ ವಿಭಾಗಕ್ಕೆ ಬರೆಯುವ ಪತ್ರದಲ್ಲಿ ಒಂದು 'ಎನ್' ಬಿಟ್ಟರೆ ಅದು ಖಾಸಗಿ ವಿಭಾಗವಾಗುತ್ತದೆ.

ಸ್ಟೇಷನರಿ: ಕಾಗದ, ಪೆನ್ನು ಮಾರುವ ಅಂಗಡಿಯ ಸ್ಟೇಷನರಿ 'ಇ-ಆರ್-ವೈ' ಎಂದು ಮುಗಿಯುತ್ತದೆ. ನಿಂತಲ್ಲೇ ನಿಂತಿರುವುದು ಎಂಬರ್ಥದ ಸ್ಟೇಷನರಿ 'ಎ-ಆರ್-ವೈ'. ಸ್ವಾರಸ್ಯವೆಂದರೆ ಇವೆರಡರ ಮೂಲ ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ತಿರುಗದೆ ಒಂದೆಡೆ ನೆಲೆನಿಂತು ಪುಸ್ತಕ ಮಾರುವವರನ್ನು 'ಸ್ಟೇಷನರ್' ಎನ್ನುತ್ತಿದ್ದರು. ಅವರ ಸರಕೇ ಸ್ಟೇಷನರಿ.

ಕಾಂಪ್ಲಿಮೆಂಟ್: ನಡುವೆ 'ಎಲ್-ಐ' ಇದ್ದರೆ ಮೆಚ್ಚುಗೆಯ ಮಾತು, ಉಚಿತ ಪಾಸಿಗೆ 'ಕಾಂಪ್ಲಿಮೆಂಟರಿ' ಎನ್ನುವುದು ಇದರಿಂದ. 'ಎಲ್-ಇ' ಇದ್ದರೆ ಪೂರಕವಾದುದು. 'ಕಂಪ್ಲೀಟ್' ಪದದ ಬಳಗ.

ಅಫೆಕ್ಟ್, ಎಫೆಕ್ಟ್: ಪರಿಣಾಮ ಬೀರು ಎಂಬ ಕ್ರಿಯೆಗೆ 'ಎ'. ಪರಿಣಾಮ ಎಂಬ ನಾಮಪದಕ್ಕೆ 'ಇ'. ಮಾತ್ರೆಯ ಅಡ್ಡಪರಿಣಾಮ 'ಸೈಡ್ ಎಫೆಕ್ಟ್'. ಸರಕಾರಿ ಆದೇಶ ಇಂಥ ದಿನದಿಂದ ಜಾರಿಗೆ ಎನ್ನುವಲ್ಲಿಯೂ 'ಎಫೆಕ್ಟ್'.

ಒಂದೇ ಸೂತ್ರಕ್ಕೆ ಮೂರು ಜೋಡಿ

ಅಡ್ವೈಸ್, ಪ್ರಾಕ್ಟೀಸ್, ಲೈಸೆನ್ಸ್ ಪದಗಳಲ್ಲಿ 'ಸಿ' ಬರೆಯಬೇಕೋ 'ಎಸ್' ಬರೆಯಬೇಕೋ ಎಂಬ ಸಂದೇಹ ಸಾಮಾನ್ಯ. ಭಾರತದಲ್ಲಿ ನಾವು ಅನುಸರಿಸುವ ಬ್ರಿಟಿಷ್ ಪದ್ಧತಿಯಂತೆ ನಾಮಪದಕ್ಕೆ 'ಸಿ', ಕ್ರಿಯಾಪದಕ್ಕೆ 'ಎಸ್'. ಕಿಸೆಯಲ್ಲಿರುವ ಚಾಲನಾ ಪರವಾನಗಿ ಒಂದು ವಸ್ತು, ಹಾಗಾಗಿ 'ಸಿ'. ಪರವಾನಗಿ ನೀಡು ಎಂಬ ಕ್ರಿಯೆಗೆ 'ಎಸ್'. ಸಲಹೆಗೆ 'ಸಿ', ಸಲಹೆ ನೀಡುವುದಕ್ಕೆ 'ಎಸ್'. ಅಮೆರಿಕದ ಕಾಗುಣಿತದಲ್ಲಿ ಪ್ರಾಕ್ಟೀಸ್ ಮತ್ತು ಲೈಸೆನ್ಸ್‌ಗಳಿಗೆ ಈ ಭೇದವಿಲ್ಲ. ಅಲ್ಲಿಗೆ ಅರ್ಜಿ ಬರೆಯುವವರು ಇದನ್ನು ಗಮನಿಸಬೇಕು.

ನಾಲಿಗೆ ತರುವ ತೊಡಕು

ಕೆಲವು ಜೋಡಿಗಳು ಇಂಗ್ಲಿಷರ ಬಾಯಲ್ಲಿ ಬೇರೆಯಾಗಿಯೇ ಕೇಳಿಸುತ್ತವೆ. ನಮ್ಮ ನಾಲಿಗೆ ಅವನ್ನು ಒಂದಾಗಿಸುತ್ತದೆ. ಬೆಲೆ ಎಂಬರ್ಥದ ಪದದ ಕೊನೆಯಲ್ಲಿ 'ಸ' ಧ್ವನಿ, ಬಹುಮಾನ ಎಂಬರ್ಥದ ಪದದ ಕೊನೆಯಲ್ಲಿ ಗಂಟಲು ಕಂಪಿಸುವ 'ಜೆಡ್' ಧ್ವನಿ. ಕನ್ನಡದಲ್ಲಿ ಬರೆದರೆ ಎರಡೂ 'ಪ್ರೈಸ್'. ಕಳೆದುಕೊಳ್ಳು ಎಂಬ 'ಲೂಸ್' ಪದಕ್ಕೆ ಒಂದು 'ಓ', ಸಡಿಲ ಎಂಬ 'ಲೂಸ್' ಪದಕ್ಕೆ ಎರಡು 'ಓ'. ಬಟ್ಟೆ ಸಡಿಲವಾದಾಗ ಒಳಗೆ ಇನ್ನೊಂದು ಅಕ್ಷರಕ್ಕೆ ಜಾಗವಿರುತ್ತದೆ ಎಂದುಕೊಂಡರೆ ಮರೆಯದು.

ಮರಳುಗಾಡಿನ 'ಡೆಸರ್ಟ್'ಗೆ ಒಂದು 'ಎಸ್', ಒತ್ತು ಆರಂಭದಲ್ಲಿ. ಊಟದ ಕೊನೆಯ ಸಿಹಿಯಾದ 'ಡೆಸರ್ಟ್'ಗೆ ಎರಡು 'ಎಸ್', ಒತ್ತು ಕೊನೆಯಲ್ಲಿ. ಗಡ್‌ಬಡ್ ಐಸ್‌ಕ್ರೀಂ ಬಲ್ಲ ಈ ಊರಿನವರಿಗೆ ಸಿಹಿಯನ್ನು ಮತ್ತೊಮ್ಮೆ ಕೇಳುವುದು ಹೊಸತಲ್ಲ. ಅದಕ್ಕೇ ಎರಡು 'ಎಸ್' ಎಂದುಕೊಳ್ಳಬಹುದು.

ನೆನಪಿಡುವ ಬಗೆ

ಜೋಡಿಗಳನ್ನು ಪಟ್ಟಿ ಮಾಡಿ ಉರುಹೊಡೆದರೆ ಎರಡೂ ಒಟ್ಟಿಗೇ ನೆನಪಾಗಿ ಗೊಂದಲ ಹೆಚ್ಚುವ ಸಾಧ್ಯತೆಯೇ ಅಧಿಕ. ಒಂದು ಪದವನ್ನು ಅದರ ಬಳಗದೊಡನೆ ಗಟ್ಟಿಯಾಗಿ ಕಲಿತು, ಕೆಲವು ದಿನಗಳ ಬಳಿಕ ಇನ್ನೊಂದಕ್ಕೆ ಹೋಗುವುದು ಉತ್ತಮ. ನಿಘಂಟು ನೋಡುವಾಗ ಅರ್ಥದ ಜತೆಗೆ ಅದು ನಾಮಪದವೋ ಕ್ರಿಯಾಪದವೋ ಎಂಬುದನ್ನೂ ಗಮನಿಸಬೇಕು. ನಿಘಂಟಿನ ಹವ್ಯಾಸ ಈ ಊರಿಗೆ ಹೊಸತೇನಲ್ಲ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ್ದು ಮಂಗಳೂರಿನಿಂದಲೇ. ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬೇಕಾದವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇದೆ.

ಕಂಪ್ಯೂಟರ್ ಅಥವಾ ಮೊಬೈಲಿನ ಕಾಗುಣಿತ ಪರೀಕ್ಷಕವೇ ಸಾಕೆಂದು ಭಾವಿಸಿದವರು ಒಂದು ಮಾತು ನೆನಪಿಡಬೇಕು. ಇಲ್ಲದ ಪದವನ್ನು ಅದು ಸುಲಭವಾಗಿ ಹಿಡಿಯುತ್ತದೆ. ಆದರೆ ಇಲ್ಲಿ ತಪ್ಪಾಗಿ ಬಂದಿರುವುದೂ ನಿಘಂಟಿನಲ್ಲಿರುವ ಪದವೇ. ಆದ್ದರಿಂದ ಅನೇಕ ಬಾರಿ ಅದು ಸುಮ್ಮನೆ ಮುಂದೆ ಸಾಗುತ್ತದೆ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಸೌಲಭ್ಯವಂತೂ ಧ್ವನಿಯನ್ನೇ ಆಧರಿಸಿದ್ದು. ಸಾಲಪತ್ರ, ಬಾಡಿಗೆ ಕರಾರು, ವೈದ್ಯರ ಚೀಟಿ, ಉದ್ಯೋಗದ ಅರ್ಜಿ ಈ ನಾಲ್ಕನ್ನಾದರೂ ಸಹಿಗೆ ಮುನ್ನ ಮತ್ತೊಮ್ಮೆ ನಿಧಾನವಾಗಿ ಕಣ್ಣಿಟ್ಟು ಓದಬೇಕು. ಸಂದೇಹ ಬಂದ ಪದದ ಅರ್ಥವನ್ನು ಎದುರಿಗಿರುವವರಲ್ಲಿ ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕೇಳದೆ ಹಾಕಿದ ಸಹಿಯನ್ನು ಹಿಂದಕ್ಕೆ ಪಡೆಯುವುದು ಮಾತ್ರ ಸುಲಭದ ಕೆಲಸವಲ್ಲ.